ಕಾಶಪ್ಪನ ಕಲ್ಲು ನೋಡಲು ಬಂದವರು

ನಮ್ಮ ಯಜಮಾನರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಮೇಲೆ ನನಗಿದ್ದ ದೂರುಗಳನ್ನು ವರ್ಷಕ್ಕೊಂದರಂತೆ ಮಾಫಿ ಮಾಡುತ್ತ ಬಂದಿದ್ದೇನೆ. ಗೊರಕೆ ಮಾಫಿ, ತಂಬಾಕು ಮಾಫಿ, ನನ್ನ ತಮ್ಮನ ಮದುವೆಗೆ ಊಟ ಮುಗಿದ ಮೇಲೆ ಕರೆದುಕೊಂಡು ಹೋಗಿದ್ದೂ ಮಾಫಿ. ಒಂದನ್ನು ಮಾತ್ರ ಗಂಟು ಕಟ್ಟಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ಅದು ನನ್ನ ಇಳಕಲ್ ಸೀರೆಯ ವಿಷಯ.

ಲಗ್ನವಾದ ಮೂರನೆಯ ವರ್ಷ ಪಂಚಮಿಗೆ ತವರಿನವರು ಉಡಿಸಿ ಕಳಿಸಬೇಕೆಂದು ತಂದ ಸೀರೆ. ಎಂಟು ಗಜ, ದಾಳಿಂಬೆ ಬಣ್ಣ, ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿ ತೆನೆ. ಯುಗಾದಿಗೆ ಉಟ್ಟರಾಯಿತು ಎಂದು ಮಡಿಕೆ ಬಿಚ್ಚದೆ ಇಟ್ಟಿದ್ದೆ. ಯುಗಾದಿ ಎರಡು ದಿನ ಇರುವಾಗ ನಮ್ಮ ಯಜಮಾನರಿಗೆ ಹಿತ್ತಲ ಹಿಂದಿನ ಹಳ್ಳಕ್ಕೆ ಕಲ್ಲು ಹಾಸುವ ಉಮೇದು ಬಂತು. ಹಳ್ಳ ಎಷ್ಟು ಅಗಲ ಎಂದು ಅಳೆಯಬೇಕು, ಮನೆಯಲ್ಲಿ ಟೇಪಿಲ್ಲ, ಹಗ್ಗ ಬಾವಿಗೆ ಬಿಟ್ಟಿದೆ. ಆ ಮಹಾಪುರುಷರು ನನ್ನ ಸೀರೆಯ ಸೆರಗನ್ನು ಆಚೆ ದಂಡೆಯ ಬಾಬುಸಾಬರ ಕೈಗೆ ಕೊಟ್ಟು ಹಳ್ಳದ ಮೇಲೆ ಎಳೆದರು. ಸೀರೆ ಹೆಚ್ಚಾಯಿತು. ಮಡಿಕೆ ಹಾಕಿ ಎಳೆದರು. ಸರಿಯಾಗಿ ಅರ್ಧ ಸೀರೆ. ಕುಣಿದಾಡಿಬಿಟ್ಟರು. ಸೆರಗಿನ ತುದಿಗೊಂದು, ನಟ್ಟನಡುವೆ ಒಂದು, ಕರೀ ಎರೆಮಣ್ಣಿನ ಕಲೆ. ಅಂಟುವಾಳದಿಂದ ತಿಕ್ಕಿದೆ, ಸೀಗೆಯಿಂದ ತಿಕ್ಕಿದೆ, ಹೋಗಲಿಲ್ಲ. ಅಂದು ಪುಂಡಿಪಲ್ಯಕ್ಕೆ ಮೂರು ಸಲ ಉಪ್ಪು ಹಾಕಿದೆ. ಸುಮ್ಮನೆ ಉಂಡು ಎದ್ದರು. (ಅದು ಇನ್ನೂ ಸಿಟ್ಟು ಬರಿಸಿತು.)

ಸೀರೆ ಹೋಯಿತು, ದಾರಿ ಬಂತು. ನಡುವೆ ಒಂದು ಗಿಡ್ಡ ಕಂಬ, ಅದರ ಮೇಲೆ ಆ ಕಡೆ ಈ ಕಡೆ ಆರಾರು ಅಡಿಯ ಹಾಸುಗಲ್ಲು. ನಮ್ಮೂರು ಗುಡೂರಿನಲ್ಲಿ ಅದಕ್ಕೆ ಕಾಶಪ್ಪನ ಕಲ್ಲು ಎಂದೇ ಹೆಸರು. ಆಚೆ ದಂಡೆಯಲ್ಲಿ ಬಾಬುಸಾಬರ ಹೆಂಡತಿ ಮಾಸುಮಬಿ ಇದ್ದಾಳೆ. ನಾನು ವಿಧವೆ, ಅವಳೂ ವಿಧವೆ. ನನ್ನ ಮೊಣಕಾಲು ಹೋಗಿದೆ, ಅವಳ ಕಣ್ಣು ಹೋಗಿದೆ. ಇಬ್ಬರನ್ನೂ ಕೂಡಿಸಿದರೆ ಒಂದು ಪೂರ್ತಿ ಮುದುಕಿ ಆಗುತ್ತದೆ. ದಿನಾ ಬೆಳಿಗ್ಗೆ ಬಿಸಿ ರೊಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು ನಾನು ಕಲ್ಲು ದಾಟುತ್ತೇನೆ, ನನ್ನ ಹೆಜ್ಜೆ ಸಪ್ಪಳ ಕೇಳಿ ಅವಳು ಎಲೆಗೆ ಸುಣ್ಣ ಸವರುತ್ತಾಳೆ. ರಸ್ತೆಯ ಸೇತುವೆ ಸುತ್ತಿ ಹೋಗಬೇಕೆಂದರೆ ಒಂದೂವರೆ ಮೈಲಿ. ನನ್ನ ಮೊಣಕಾಲಿಗೆ ಅದು ಕಾಶೀಯಾತ್ರೆ.

ಈ ಬೇಸಿಗೆಯ ಕೊನೆಗೆ ಪಂಚಾಯಿತಿಯ ಮುದಕಪ್ಪ ಮೂರು ಪುಟದ ಒಂದು ಕಾಗದ ತಂದುಕೊಟ್ಟ. ನನ್ನ ಸೊಸೆ ಭುವನೇಶ್ವರಿ ಓದಿ ಹೇಳಿದಳು. ಅವಳು ಅಂಗನವಾಡಿ ಕಲಿಸುತ್ತಾಳೆ, ಹಾಗಾಗಿ ಎಲ್ಲವನ್ನೂ ನಿಧಾನವಾಗಿ ಎರಡೆರಡು ಸಲ ಹೇಳುವ ರೂಢಿ. ಹಳ್ಳ, ಕೆರೆ, ಜವುಗಿನಲ್ಲಿ ಮಂದಿ ಮಾಡಿಕೊಂಡ ಸಣ್ಣಪುಟ್ಟ ಕೆಲಸಗಳಿಗೆ, ಅಂದರೆ ದಾಟುವ ಹಾಸುಗಲ್ಲು, ಬಟ್ಟೆ ಒಗೆಯುವ ಕಟ್ಟೆ, ದನ ಇಳಿಯುವ ಮೆಟ್ಟಿಲುಗಳಿಗೆ, ಒಬ್ಬೊಬ್ಬರಿಗೆ ಬೇರೆ ಬೇರೆ ಕೊಡದೆ ಎಲ್ಲರಿಗೂ ಸೇರಿಸಿ ಒಂದೇ ಸಾಮಾನ್ಯ ಪರವಾನಗಿ ಇತ್ತಂತೆ. ಅದರ ಅವಧಿ ಮುಗಿದು ಈಗ ಹೊಸದು ಮಾಡಿದ್ದಾರಂತೆ, ಷರತ್ತುಗಳನ್ನು ಬದಲಿಸಿದ್ದಾರಂತೆ. ನಾನು ಇಷ್ಟು ವರ್ಷ ರೊಟ್ಟಿ ಹೊತ್ತು ಪರವಾನಗಿಯ ಮೇಲೆ ನಡೆಯುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗುರುವಾರ ಬಾಗಲಕೋಟೆಯಿಂದ ಅಧಿಕಾರಿಗಳು ಕಲ್ಲನ್ನು ನೋಡಲು ಬರುತ್ತಾರೆ ಎಂದು ಅವಳು ಓದುವಷ್ಟರಲ್ಲಿ ನಾನು ಎದ್ದುಬಿಟ್ಟೆ.

"ಅತ್ತಿ, ಇನ್ನೂ ಎರಡು ಪುಟ ಅದಾವ್ರಿ. ಪೂರ್ತಿ ಕೇಳ್ರಿ," ಎಂದಳು.

"ಕೇಳೂದೇನೈತಿ? ನೋಡಾಕ ಬರ್ತಾರ ಅಂದ ಮ್ಯಾಲೆ ಮುಗೀತು. ನಿನ್ನ ನೋಡಾಕ ಬಂದಾಗ ನಾವೇನು ಕಾಗದ ಓದಿಕೋಂತ ಕುಂತಿದ್ವೇನು?"

ನೋಡಲು ಬರುವುದೆಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮವ್ವ ನನ್ನನ್ನು ತೋರಿಸಿದ ದಿನ ಮನೆಗೆ ಸುಣ್ಣ ಹೊಡೆಸಿದಳು, ನೆರೆಮನೆಯ ಹಿತ್ತಾಳೆ ಕೊಡ ತಂದು ಸಾಲಾಗಿ ಇಟ್ಟಳು. ನಾನು ಗಿಡ್ಡಿ ಎಂದು ಕಾಲಡಿ ಒಂದು ಮಣೆ ಇಟ್ಟು, ಅದು ಕಾಣದ ಹಾಗೆ ಸೀರೆ ಇಳಿಬಿಟ್ಟು ನಿಲ್ಲಿಸಿದಳು. ಗಂಡಿನವರು ಒಪ್ಪಿದರು. ಮಣೆಯಿಂದಲೇ ನನ್ನ ಸಂಸಾರ ನಿಂತಿತು ಎಂದು ನಾನು ಮೊನ್ನೆಯವರೆಗೂ ನಂಬಿದ್ದೆ. ಇರುವುದನ್ನು ಇದ್ದ ಹಾಗೆ ತೋರಿಸಿದರೆ ಯಾರು ಒಪ್ಪುತ್ತಾರೆ?

ಮೂರು ದಿನ ನಾನು ಆ ಹಳ್ಳಕ್ಕೆ ಮದುಮಗಳ ಸಿಂಗಾರ ಮಾಡಿದೆ. ಕಲ್ಲಿನ ಎರಡೂ ಮಗ್ಗುಲಿಗೆ ಆಳೆತ್ತರ ಆಪುಹುಲ್ಲು ಬೆಳೆದಿತ್ತು. ತಲೆ ಬಾಚದ ಹುಡುಗಿಯನ್ನು ಯಾರಾದರೂ ತೋರಿಸುತ್ತಾರೆಯೇ? ಕುಡುಗೋಲು ಹಿಡಿದು ಕತ್ತರಿಸಿ ಹಾಕಿದೆ. ಒಂದೇ ಒಂದು ಮೆಳೆಯಲ್ಲಿ ನೀರುಕೋಳಿ ಕಾವು ಕೂತಿತ್ತು. ಬಾಣಂತಿಯ ಮನೆ ಕೆಡವಬಾರದು ಎಂದು ಅದನ್ನು ಬಿಟ್ಟೆ. ಹುಲ್ಲಿನಲ್ಲಿದ್ದ ಕಪ್ಪೆಗಳು ಮಾತ್ರ ಗುಳೆ ಎದ್ದು ನಮ್ಮ ಅಡುಗೆಮನೆಗೆ ಬಂದವು. ಭುವನೇಶ್ವರಿ ಹಿಟ್ಟಿನ ಡಬ್ಬಿ ತೆಗೆದರೆ ಒಂದು, ಒರಳಿನಲ್ಲಿ ಒಂದು. ಅವಳು ಕಾಗದವನ್ನು ಮಡಚಿ ನನ್ನ ದಿಂಬಿನ ಕೆಳಗೆ ಇಟ್ಟುಹೋದಳು.

ಎರಡನೆಯ ದಿನ ದಂಡೆಯ ಕೆಸರು ಕಣ್ಣಿಗೆ ಬಿತ್ತು. ಬಾಗಲಕೋಟೆಯಿಂದ ಬಂದ ಅತಿಥಿಗಳ ಕಾಲು ಕೆಸರಿಗೆ ಬಿದ್ದರೆ ಕಾಶಪ್ಪನ ಮನೆತನದ ಮಾನವೇನಾಗಬೇಕು? ಮಾಸುಮಬಿಯ ಮಗ ಖಲೀಲ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವವನು. ಅವನನ್ನು ಕರೆದು ಆಚೆಗೊಂದು ಈಚೆಗೊಂದು, ಮೂರು ಮೂರು ಅಡಿಯ ಹೊಸ ಹಾಸುಗಲ್ಲು ಕೂಡಿಸು ಎಂದೆ. ಇದ್ದದ್ದು ಇದ್ದ ಹಾಗೇ ಚಂದ ಇದೆ, ಬಿಡು ಕಾಕಿ ಎಂದು ಅವನು ಎರಡು ಸಲ ಹೇಳಿದ. ನಾನು ಅವನ ಸುನ್ನತಿಯ ದಿನ ಅವನು ಎಲ್ಲಿ ಅಡಗಿದ್ದ, ಯಾರು ಹುಡುಕಿ ತಂದರು ಎಂಬುದನ್ನು ನೆನಪು ಮಾಡಿಕೊಟ್ಟ ಮೇಲೆ ಕಲ್ಲು ತಂದ.

ಹೊಸ ಕಲ್ಲು ಕೂತದ್ದನ್ನು ನೋಡಿ ಸೊಸೆಯ ಬಾಯಿ ಕೊನೆಗೂ ಬಿಚ್ಚಿತು. "ನನ್ನ ನೋಡಾಕ ಬಂದಾಗ ನಮ್ಮವ್ವ ನನ್ನ ಕಾಲಿಗೆ ಮೂರು ಫೂಟು ಜೋಡಿಸಿರಲಿಲ್ಲ ಬಿಡ್ರಿ."

"ಜೋಡಿಸಿದ್ರ ಇದಕ್ಕಿಂತ ಚಲೋ ಮನಿ ಸಿಗತಿತ್ತು ನಿನಗ," ಎಂದೆ. ಆಡಿದ ಮೇಲೆ ಅದು ನಮ್ಮ ಮನೆಯ ವಿಷಯವೇ ಎಂದು ಹೊಳೆಯಿತು.

ಗುರುವಾರ ಬೆಳಿಗ್ಗೆ ಎರಡೂ ದಂಡೆಗೆ ಸಗಣಿ ಸಾರಿಸಿ, ಕಲ್ಲಿನ ಅಂಚಿಗೆ ಸುಣ್ಣದ ಗೆರೆ ಎಳೆದು, ನಡುವೆ ಒಂಬತ್ತು ಎಸಳಿನ ರಂಗೋಲಿ ಹಾಕಿದೆ. ಆಚೆ ದಂಡೆಯ ಬೇವಿನ ಕೆಳಗೆ ಹೊರಸಿನ ಮೇಲೆ ಕೂತ ಮಾಸುಮಬಿಗೆ ಸುಣ್ಣದ ವಾಸನೆ ಬಡಿಯಿತು. ಹಳ್ಳಕ್ಕೆ ಯಾರ ಜೊತೆ ಲಗ್ನ ಗೊತ್ತು ಮಾಡಿದ್ದೀಯ ಎಂದು ಕೂಗಿ ಕೇಳಿದಳು.

ಬಂದ ಅಧಿಕಾರಿ ನಾನು ಎಣಿಸಿದಂತೆ ಹೊಟ್ಟೆ, ಮೀಸೆಗಳ ಯಜಮಾನನಲ್ಲ. ಸ್ಕೂಟಿಯ ಮೇಲೆ ಒಬ್ಬಳೇ ಬಂದ ಹುಡುಗಿ, ನೇತ್ರಾ ಎಂದು ಹೆಸರು. ಮೊಣಕಾಲಿನವರೆಗೆ ರಬ್ಬರಿನ ಬೂಟು ಹಾಕಿಕೊಂಡಿದ್ದಳು. ಕೆಸರಿಗೆಂದೇ ತಯಾರಾಗಿ ಬಂದವಳು! ನನ್ನ ಹೊಸ ಕಲ್ಲುಗಳು ಆಗಲೇ ಸ್ವಲ್ಪ ಮಂಕಾದಂತೆ ಕಂಡವು. ಉಪ್ಪಿಟ್ಟು ಕೊಟ್ಟರೆ ಕೆಲಸ ಮುಗಿಯಲಿ ಎಂದಳು. ಹಳ್ಳದ ದಂಡೆಯಲ್ಲಿ ನಿಂತು ಕಲ್ಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಒಪ್ಪಿಗೆಯಾಯಿತು ಎಂದುಕೊಂಡೆ.

ಈ ಕಲ್ಲು ಯಾವಾಗಿನದು, ಇದ್ದದ್ದು ಇಷ್ಟೇ ಉದ್ದವೇ ಎಂದು ಕೇಳಿದಳು.

"ನಲವತ್ತೆಂಟು ವರ್ಷ ಆತ್ರಿ ಬಾಯಾರ. ನಮ್ಮ ಮನಿಯವರು ಹಾಕಿದ್ದು ಹಿಂಗ ಐತಿ. ಒಂದು ಬಟ್ಟು ಹೆಚ್ಚಿಲ್ಲ, ಒಂದು ಬಟ್ಟು ಕಡಿಮಿ ಇಲ್ಲ," ಎಂದೆ. ಭುವನೇಶ್ವರಿ ಕೆಮ್ಮಿದಳು. ಕೆಮ್ಮಿಗೆ ನೀರು ಕುಡಿ ಎಂದು ಕಣ್ಣಲ್ಲೇ ಹೇಳಿದೆ.

ಹುಡುಗಿ ಟೇಪು ಹಿಡಿದು ಅಳೆದಳು. ಐದು ಮೀಟರ್ ನಲವತ್ತೆಂಟು. ಬರೆದುಕೊಂಡಳು. ಆಮೇಲೆ ತಣ್ಣಗೆ ಹೇಳಿದಳು: ಸಾಮಾನ್ಯ ಪರವಾನಗಿ ನಾಲ್ಕು ಮೀಟರಿನವರೆಗೆ ಮಾತ್ರ. ಅದಕ್ಕಿಂತ ಉದ್ದವಾದರೆ ಅದು ಸಣ್ಣ ಕೆಲಸವಲ್ಲ. ಎಂಜಿನಿಯರರಿಂದ ನಕ್ಷೆ ಮಾಡಿಸಿ ದೊಡ್ಡ ಕಚೇರಿಗೆ ಬೇರೆ ಅರ್ಜಿ ಹಾಕಬೇಕು, ಅದು ಬರುವವರೆಗೆ ಕಲ್ಲುಗಳನ್ನು ಎತ್ತಿಡಬೇಕು, ಮಳೆ ಶುರುವಾಗುವ ಮೊದಲೇ. ಇನ್ನು ಜವುಗಿನ ಹುಲ್ಲನ್ನು ಕತ್ತರಿಸಲೇಬಾರದೆಂದು ಹೊಸ ಷರತ್ತು. ಹಳ್ಳದ ನೀರನ್ನು ಸೋಸುವುದೇ ಆ ಹುಲ್ಲು. ಇಷ್ಟನ್ನೂ ಎರಡನೆಯ, ಮೂರನೆಯ ಪುಟದಲ್ಲಿ ಬರೆದು ಕಳಿಸಿತ್ತಲ್ಲ ಎಂದಳು. ಆ ಎರಡು ಪುಟಗಳು ಆ ಹೊತ್ತಿಗೆ ನನ್ನ ದಿಂಬಿನ ಕೆಳಗೆ ಸುಖವಾಗಿ ನಿದ್ದೆ ಮಾಡುತ್ತಿದ್ದವು.

ನನಗೆ ಕಲ್ಲು ಕಾಣಲಿಲ್ಲ, ಹುಲ್ಲು ಕಾಣಲಿಲ್ಲ. ಮಳೆಗಾಲವೆಲ್ಲ ಆಚೆ ದಂಡೆಯಲ್ಲಿ ಎಲೆಗೆ ಸುಣ್ಣ ಸವರಿಕೊಂಡು, ನನ್ನ ಹೆಜ್ಜೆಗೆ ಕಿವಿಕೊಟ್ಟು ಕೂತ ಮಾಸುಮಬಿ ಕಂಡಳು. ಅವಳಿಗೆ ಕಣ್ಣಿಲ್ಲ, ಕಿವಿ ಎರಡು ಊರಿಗಾಗುವಷ್ಟಿದೆ. ಎಲ್ಲ ಕೇಳಿಸಿಕೊಂಡಿದ್ದಳು.

"ಗುರವ್ವಾ," ಎಂದಳು, ಜೋರಿಲ್ಲದೆ. "ಖರೆ ಹೇಳು. ರೊಟ್ಟಿ ಆರತಾವ."

ಹೇಳಿದೆ. ಮಣೆಯಿಂದ ಹಿಡಿದು ಕಪ್ಪೆಯವರೆಗೆ ಹೇಳಿದೆ. ಆದರೆ ಒಮ್ಮೆ ಸುಳ್ಳು ಹೇಳಿದ ಬಾಯಿಂದ ಬಂದ ಸತ್ಯಕ್ಕೆ ಸಾಕ್ಷಿ ಬೇಡವೇ? ಹನ್ನೆರಡೇ ಅಡಿ ಇತ್ತು ಎಂದರೆ ಯಾರು ನಂಬುತ್ತಾರೆ? ಅಳೆದವರು ಇಬ್ಬರೂ ಮಣ್ಣಾಗಿದ್ದಾರೆ. ಆಗ ನನಗೆ ಟ್ರಂಕು ನೆನಪಾಯಿತು. ಮೊಣಕಾಲು ಮರೆತು ಓಡಿದೆ.

ಸೀರೆ ತಂದು ಮಡಿಕೆ ಹಾಕಿದೆ. ಕಲೆಯಿದ್ದ ಸೆರಗಿನ ತುದಿಯನ್ನು ಖಲೀಲ ಆಚೆ ಹಳೆಯ ಕಲ್ಲಿನ ಅಂಚಿಗೆ ಹಿಡಿದ, ಅವನ ಅಪ್ಪ ನಿಂತಿದ್ದ ಜಾಗದಲ್ಲೇ. ಈಚೆ ತುದಿಯನ್ನು ನಾನು ಎಳೆದು ಹಿಡಿದೆ. ನಡುವಿನ ಕರೀ ಕಲೆ ಈಚೆಯ ಹಳೆಯ ಕಲ್ಲಿನ ಅಂಚಿಗೆ ಬಂದು ಕೂತಿತು, ಒಂದು ಬಟ್ಟು ಹೆಚ್ಚಿಲ್ಲ, ಒಂದು ಬಟ್ಟು ಕಡಿಮೆಯಿಲ್ಲ. ಹುಡುಗಿ ಸೀರೆಯ ಮೇಲೆ ಟೇಪು ಇಟ್ಟಳು. ಮೂರು ಮೀಟರ್ ಅರವತ್ತಾರು.

ನೇತ್ರಾ ಟೇಪು ಸುತ್ತಿಕೊಳ್ಳುತ್ತ ನಕ್ಕಳು. "ಅಜ್ಜಿ, ಹಳೇ ಕಲ್ಲು ನಡದು ನಡದು ಸವದಾವು. ಹೊಸಾ ಕಲ್ಲಿನ ಮ್ಯಾಲೆ ಉಳಿ ಗುರುತು ಇನ್ನೂ ಹಸೀ ಐತಿ. ನಾ ಬಂದ ಕೂಡಲೆ ಗೊತ್ತಾಗಿತ್ತು. ನೀವು ಹೇಳತೀರೋ ಇಲ್ಲೋ ನೋಡಿದ್ನಿ."

ಆ ಮಾತು ಕೇಳಿ ನನಗೆ ಲಗ್ನದ ಮಾರನೆಯ ದಿನ ನೆನಪಾಯಿತು. ನಮ್ಮ ಯಜಮಾನರು ನನ್ನ ಮುಂದೆ ಒಂದು ಮಣೆ ತಂದಿಟ್ಟು, ಮೇಲಿನ ಗೂಡಿನ ಡಬ್ಬಿ ನಿಲುಕದಿದ್ದರೆ ಬೇಕಾಗುತ್ತದೆ, ಇಟ್ಟುಕೋ ಎಂದಿದ್ದರು. ನಾನು ಎಷ್ಟು ಒಳ್ಳೆಯ ಗಂಡ ಎಂದುಕೊಂಡಿದ್ದೆ. ಅವರಿಗೂ ಬಂದ ಕೂಡಲೇ ಗೊತ್ತಾಗಿತ್ತು! ಅದು ತಿಳಿಯಲು ನನಗೆ ಐವತ್ತು ವರ್ಷ, ಒಬ್ಬ ಸರಕಾರಿ ಅಧಿಕಾರಿ ಬೇಕಾಯಿತು.

ಅಂದು ಆ ಹುಡುಗಿ ಎರಡು ತಟ್ಟೆ ಉಪ್ಪಿಟ್ಟು ತಿಂದಳು. ದೇವರು ಅವಳನ್ನು ತಣ್ಣಗಿಟ್ಟಿರಲಿ. ಖಲೀಲ ಸಂಜೆಯೊಳಗೆ ಹೊಸ ಕಲ್ಲು ಕಿತ್ತು ಮಾಸುಮಬಿಯ ಬಾಗಿಲಿಗೆ ಕಟ್ಟೆ ಮಾಡಿದ. ನೀರುಕೋಳಿಯ ಮೆಳೆ ಉಳಿಸಿದ್ದಕ್ಕೆ ನೇತ್ರಾ ಹುಲ್ಲಿನ ತಪ್ಪು ಕ್ಷಮಿಸಿದಳು, ಆದರೆ ಆ ಮೆಳೆಯ ಬುಡದಿಂದ ಸಸಿ ತೆಗೆದು ಎರಡೂ ದಂಡೆಗೆ ನೆಡಬೇಕು ಎಂದಳು. ಕಡಿದವಳೇ ನೆಟ್ಟೆ. ಸೊಂಟ ಹಿಡಿದುಕೊಂಡಿತು. ಭುವನೇಶ್ವರಿ ಎಣ್ಣೆ ತಿಕ್ಕಿದಳು, ಒಂದು ಮಾತು ಚುಚ್ಚಲಿಲ್ಲ. ಅಂಥ ಸೊಸೆ ಯಾರಿಗೆ ಸಿಗುತ್ತಾಳೆ ಎಂದುಕೊಂಡೆ.

ತಿಂಗಳಾದ ಮೇಲೆ ಪರವಾನಗಿಯ ಪತ್ರ ಬಂತು. ಈ ಸಲ ನಾನು ಕದಲದೆ ಕೂತು ಮೂರೂ ಪುಟ ಕೇಳಿದೆ. ನಾಲ್ಕನೆಯ ಷರತ್ತನ್ನು ಸೊಸೆ ತನ್ನ ರೂಢಿಯಂತೆ ನಿಧಾನವಾಗಿ ಎರಡು ಸಲ ಓದಿದಳು: ಶ್ರೀಮತಿ ಗುರುಲಿಂಗವ್ವನವರು ಸದರಿ ಸ್ಥಳವನ್ನು ತೊಳೆಯುವುದು, ಸಾರಿಸುವುದು, ಅಲಂಕರಿಸುವುದು ಮಾಡತಕ್ಕದ್ದಲ್ಲ. ಹುಟ್ಟಿದಾಗಿನಿಂದ ಕಸಬರಿಗೆ ಕೈಬಿಡದ ನನಗೆ ಸರಕಾರದ ನಿರ್ಬಂಧ! ಆ ಪುಟವನ್ನು ಅವಳು ಅಂಗನವಾಡಿಯಲ್ಲಿ ಚಿತ್ರ ಅಂಟಿಸುವ ಅಂಟಿನಿಂದಲೇ ಕಸಬರಿಗೆ ತೂಗುಹಾಕುವ ಮೊಳೆಯ ಮೇಲ್ಗಡೆ ಅಂಟಿಸಿದಳು. (ಸೊಸೆಯ ಬಗ್ಗೆ ಮೇಲೆ ಹೇಳಿದ್ದನ್ನು ಅರ್ಧಕ್ಕೆ ಇಳಿಸಿಕೊಳ್ಳಬೇಕು.)

ಮೊದಲ ಮಳೆಗೆ ಆಪು ಚಿಗುರಿತು. ನೀರುಕೋಳಿ ಆರು ಮರಿ ಕಟ್ಟಿಕೊಂಡು ದಿನಾ ಕಲ್ಲಿನ ಮೇಲೆ ಕೆಸರುಗಾಲಲ್ಲಿ ಮೆರವಣಿಗೆ ಹೊರಡುತ್ತದೆ. ಒರೆಸುವ ಹಾಗಿಲ್ಲ. ನೋಡಿಕೊಂಡು ನಿಲ್ಲುತ್ತೇನೆ.

ಕಳೆದ ಸೋಮವಾರ ಕೊನೆಯ ದೂರನ್ನೂ ಮಾಫಿ ಮಾಡಿ ಆ ಸೀರೆಯನ್ನು ಉಟ್ಟೆ. ನಲವತ್ತೆಂಟು ವರ್ಷದ ಮೇಲೆ ಮೊದಲ ಸಲ. ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ನೆಟ್ಟಗೆ ಕಲ್ಲಿನ ನಡುವಿಗೆ ಬಂದೆ, ಮರಿಗಳ ಕೆಸರಿನ ಮೇಲೆ ಕಾಲಿಟ್ಟೆ, ಕೂತುಬಿಟ್ಟೆ. ಪುಣ್ಯಕ್ಕೆ ಎಲುಬು ಉಳಿಯಿತು, ರೊಟ್ಟಿಯೂ ಉಳಿಯಿತು. ಸಪ್ಪಳ ಕೇಳಿದ ಮಾಸುಮಬಿ ಎಲೆ ಕೆಳಗಿಟ್ಟು, ಏನಾಯಿತೆಂದು ಕೇಳಿ ತಿಳಿದು, ಹಲ್ಲಿಲ್ಲದ ಬಾಯಿ ತೆರೆದು ಕಣ್ಣೀರು ಬರುವವರೆಗೆ ನಕ್ಕಳು. ನನಗೂ ನಗು ತಡೆಯಲಿಲ್ಲ.

ಸೀರೆಗೆ ಮೂರನೆಯ ಕಲೆ ಬಿದ್ದಿದೆ. ಬೈಯಲು ಯಾರೂ ಸಿಗಲಿಲ್ಲ. ಅಂಟುವಾಳವನ್ನೂ ತಿಕ್ಕಲಿಲ್ಲ, ಹಾಗೇ ಒಣಗಿಸಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಐದು ವರ್ಷಕ್ಕೊಮ್ಮೆ ಪರವಾನಗಿ ಹೊಸದು ಮಾಡುತ್ತಾರಂತೆ. ಅಳೆಯಲು ಬಂದವರಿಗೆ ಬೇಕಾದೀತು.