ಗೌರಿಗೆ ಕಣ್ಣು ಬರೆದ ರಾಚಪ್ಪ

ಇಡೀ ಇಳಕಲ್ಲಿನ್ಯಾಗ ಕೈ ಹಾಕಿದ ಕೆಲಸ ಕೆಡಿಸದ ಗಂಡಸು ಒಬ್ಬನ ಅದಾನ, ಅದೂ ತಾನ ಅಂತ ನೇಕಾರರ ಸೊಸೈಟಿ ಕಾರಕೂನ ರಾಚಪ್ಪ ಗಟ್ಟ್ಯಾಗಿ ನಂಬಿದ್ದ. ಹಂಗ ನಂಬಿದಾಂವನೂ ಅವನೊಬ್ಬನ, ಆ ಮಾತು ಬ್ಯಾರೆ!

ಎಂಬತ್ತಾರನೇ ಇಸವಿ. ಗೌರಿ ಹುಣ್ಣಿವಿಗೆ ಇನ್ನ ಮೂರು ದಿನ ಇತ್ತು. ಹೆಂಡ್ತಿ ಗುರುಸಿದ್ದವ್ವ ತವರುಮನಿ ಶಿರೂರಿಗೆ ಹೊಂಟು ನಿಂತಿದ್ಲು. ದೇವರ ಮಾಡದಾಗ ಆಕಿ ಆಯಿ ಕೊಟ್ಟ ಕಿನ್ನಾಳದ ಕಟ್ಟಿಗಿ ಗೌರಿ ಕುಂತಿದ್ಲು. ಮೊಳದುದ್ದದ ಗೊಂಬಿ, ಮೂರು ತಲಿಮಾರಿಂದು. ಹಳೀ ಸಾಮಾನು ಕೂಡಿಸಿಡೋ ಬಾಗಲಕೋಟಿ ಸಾಹೇಬ್ರೊಬ್ರು "ಗಾಜಿನ ಕಪಾಟಿನ್ಯಾಗ ಇಡ್ತೇನಿ, ಕೊಡ್ರಿ" ಅಂತ ಎರಡು ಸಲ ಬಂದು ಬರಿಗೈಲೆ ಹೋಗಿದ್ರು. ಈಗ ಬಣ್ಣ ಮಾಸಿತ್ತು, ಕಣ್ಣಂತೂ ಅಳಿಸೇ ಹೋಗಿದ್ವು.

"ಹುಣ್ಣಿವಿ ಮುಗದಮ್ಯಾಲ ಕಿನ್ನಾಳಕ್ಕ ಒಯ್ದು ಚಿತ್ರಗಾರರ ಕೈಲೆ ಬರಸೋಣು" ಅಂದ್ಲು ಗುರುಸಿದ್ದವ್ವ.

"ಕಿನ್ನಾಳಕ್ಕ ಯಾಕ? ನಾ ಇಲ್ಲೇನು ಸತ್ತೇನಿ?"

"ನೀವು ಮುಟ್ಟಿದ್ರ ಮಾತ್ರ ನೋಡ್ರಿ, ನಾ ಶಿರೂರಾಗ ಉಳಿತೇನಿ. ಹೊಳ್ಳಿ ಬರೂದಿಲ್ಲ. ಈ ಗೌರಿ ಆಣಿ!"

ಬಸ್ಸು ಹೋತು. ಬಸ್ಸಿನ ಧೂಳ ಕುಂಡ್ರೋದ್ರಾಗ ರಾಚಪ್ಪ ಟ್ರಂಕಿನ್ಯಾಗ ಮುಚ್ಚಿಟ್ಟಿದ್ದ ಬಣ್ಣದ ಟ್ಯೂಬು ಹೊರಗ ತಗದ. ಹುಬ್ಬಳ್ಳಿಂದ ತಂದ ಅಕ್ರಿಲಿಕ್ ಬಣ್ಣ! ಅಂಗಡ್ಯಾಂವ ಹೇಳಿದ್ದು ಒಂದ ಮಾತು: "ನೀರಿನ್ಯಾಗ ಕಲಸ್ರಿ." ಮುಂದಿಂದು ರಾಚಪ್ಪ ತಾನ ತಿಳಕೊಂಡಿದ್ದ: ನೀರಿನ್ಯಾಗ ಕಲಸೋದು ನೀರಿನ್ಯಾಗ ಹೋಗೇ ಹೋಗತೈತಿ. ತಪ್ಪಿದ್ರ ತೊಳದ್ರಾತು!

ಎಲ್ಲಿಂದ ಶುರು ಮಾಡೋದು? ಪರೀಕ್ಷಾದಾಗ ಹೆಚ್ಚು ಮಾರ್ಕಿನ ಪ್ರಶ್ನಿ ಮೊದಲ ಬರೀಬೇಕು ಅಂತ ಸಾಲ್ಯಾಗ ಕಲಿತಿದ್ದ. ಹಂಗಾಗಿ ಮೊದಲ ಕಣ್ಣು! ಖರೆ ಅಂದ್ರ ಚಿತ್ರಗಾರರು ಮೈಯೆಲ್ಲಾ ಬಣ್ಣ ಮುಗಿಸಿ, ಜಳಕ ಮಾಡಿ, ಉಪಾಸಿದ್ದು, ಕಟ್ಟಕಡೀಕ ಕಣ್ಣು ತೆರಸ್ತಾರ. ಕಣ್ಣು ತೆರದ್ಲೂ ಅಂದ್ರ ಆಕಿ ದೇವಿ, ಮತ್ತ ಕುಂಚ ಹಚ್ಚಂಗಿಲ್ಲ. ನಮ್ಮ ರಾಚಪ್ಪ ಎರಡು ಪ್ಲೇಟ ಗಿರಮಿಟ್ಟು ತಿಂದು, ಕೈ ಧೋತರಕ್ಕ ಒರಿಸಿ ಕುಂತಿದ್ದ.

ಎಡಗಣ್ಣು ಛಲೋ ಬಂತು. ಬಲಗಣ್ಣು ತುಸು ದೊಡ್ಡದಾತು. ಅದಕ್ಕ ಸರಿ ಮಾಡಾಕ ಎಡಗಣ್ಣು ತುಸು ಹಿಗ್ಗಿಸಿದ. ಈಗ ಅದ ದೊಡ್ಡದಾತು. ಹಿಂಗ ಎರಡೂ ಕಣ್ಣು ಜಿದ್ದಿಗೆ ಬಿದ್ದಂಗ ಬೆಳದು ಬೆಳದು ಕಿವಿ ಮುಟ್ಟಿದ್ವು!

"ತೊಳದ್ರಾತು!" ಅಂದು ಒದ್ದಿ ಅರಿಬಿಲೆ ಒರಿಸಿದ. ಇಲ್ಲ. ಸಬಕಾರ ಹಚ್ಚಿದ, ಹುಣಸಿಹಣ್ಣು ತಿಕ್ಕಿದ, ಒಲಿ ಬೂದಿ ಹಾಕಿದ. ಗಲ್ಲದ ಮ್ಯಾಲಿನ ಮೂರು ತಲಿಮಾರಿನ ಬಣ್ಣ ಕಿತ್ತು ಬಂತೇ ಹೊರತು ಕಣ್ಣು ಕೂದಲದಷ್ಟೂ ಅಲುಗಲಿಲ್ಲ. ತಿಕ್ಕಿದಂಗ ತಿಕ್ಕಿದಂಗ ಫಳಫಳ ಹೊಳ್ಯಾಕ ಹತ್ತಿದ್ವು!

ರಾಚಪ್ಪ ಎಡಕ್ಕ ಸರದ. ಗೌರಿ ನೋಡಿದ್ಲು. ಬಲಕ್ಕ ಸರದ. ನೋಡಿದ್ಲು. ಬಾಗಿಲ ಹಿಂದ ನಿಂತು ಹಣಿಕಿ ಹಾಕಿದ. ಅಲ್ಲಿಗೂ ನೋಡಿದ್ಲು! ಅವನ ಕೈ ತಾವ ಮುಗದ್ವು. ಇಂಥಾ ಕಣ್ಣು ತನ್ನ ಕೈಯಿಂದ ಹೆಂಗ ಬಂದ್ವು ಅಂತ ಅವಗ ತಿಳೀಲಿಲ್ಲ.

ಅಷ್ಟರಾಗ ಬಾಜೂಮನಿ ದಸ್ತಗೀರಬಿ ಮೊಸರಿಗೆ ಹೆಪ್ಪು ಕೇಳಾಕ ಬಂದ್ಲು. ಸೀರಿ ನೇಯೋ ಮಗ್ಗಕ್ಕ ನೂಲು ಸುತ್ತೋ ಹೆಣ್ಮಗಳು, ಬಣ್ಣ ಅಂದ್ರ ಆಕಿಗೆ ಅಂಗೈ ಗೆರಿ.

"ಅಣ್ಣಾರ, ಇದು ಪಕ್ಕಾ ಬಣ್ಣ. ಸೀರಿ ಹರದ್ರೂ ಇದು ಹೋಗೂದಲ್ಲ" ಅಂದಾಕಿ, ಗೌರಿ ಮಾರಿ ನೋಡಿ ಸೆರಗು ತಲಿಮ್ಯಾಲೆ ಎಳಕೊಂಡ್ಲು. "ಯಾ ಅಲ್ಲಾ! ಹೆಂಗ ನೋಡಾಕತ್ತಾಳ್ರಿ ತಾಯಿ! ಅಣ್ಣಾರ... ಮೊನ್ನಿ ನಿಮ್ಮ ಬಳ್ಳ್ಯಾಗಿನ ಎರಡು ಹೀರಿಕಾಯಿ ಹರಕೊಂಡಾಕಿ ನಾನ!"

ರಾಚಪ್ಪನ ಮನಿ ಗೌರಿ ತಾನ ಕಣ್ಣು ತೆರದಾಳ ಅನ್ನೋ ಸುದ್ದಿ ಓಣಿ ತುಂಬ ಹಬ್ಬಿತು. ನಗಾಕಂತನ ಬಂದ ಹಿರ್ಯಾ ಕಾಶಪ್ಪ ಗೌರಿ ಮುಂದ ನಿಂತು ಬೆವತ. "ಲೇ ರಾಚಪ್ಪಾ, ಶ್ರಾವಣದಾಗ ನಿನ್ನ ಸೈಕಲ್ಲಿನ ಗಾಳಿ ಬಿಟ್ಟಾಂವ ನಾನೋ ಮಾರಾಯಾ!" ಒಬ್ಬಾಕಿ ಊದಿನಕಡ್ಡಿ ಹಚ್ಚಿದ್ಲು, ಇನ್ನೊಬ್ಬಾಕಿ ಕಾಯಿ ಒಡಸಿದ್ಲು. ನಿಂತವರೆಲ್ಲಾ ದನಿ ತಗ್ಗಿಸಿ ಮಾತಾಡಿದ್ರು.

ಮರುದಿನ ಮಧ್ಯಾಹ್ನ ಗುರುಸಿದ್ದವ್ವ ಬಂದ್ಲು. ಮನಿ ಮುಂದ ಮಂದಿ ಕಂಡು "ನಮ್ಮನಿಯವರಿಗೇನಾತ್ರೀ!" ಅಂತ ಓಡಿ ಒಳಗ ಬಂದ್ಲು. ರಾಚಪ್ಪ ಜೋಳದ ಚೀಲದ ಹಿಂದ ಕುಕ್ಕರಗಾಲಿಲೆ ಕುಂತು, ಆಕಿ ಶಿರೂರಿನ ಬಸ್ಸಿಗೆ ಹೊಳ್ಳಿ ಹೋಗೋದನ್ನ ಕಣ್ಣಮುಂದ ಕಾಣಾಕ ಹತ್ತಿದ್ದ.

ಗುರುಸಿದ್ದವ್ವ ಗೌರೀನ ನೋಡಿದ್ಲು. ಚೀಲ ಕೈಯಿಂದ ಜಾರಿತು. ಕಣ್ಣಾಗ ನೀರು ಬಂದ್ವು, ನೆಲಕ್ಕ ಹಣಿ ಹಚ್ಚಿದ್ಲು.

"ಯವ್ವಾ! ಈ ತಾಯಿ ನೋಡಿದ್ರ ಮನ್ಯಾಗ ಒಬ್ಬರಿಗೂ ಸುಳ್ಳಾಡಾಕ ಬಾಯಿ ಬರತಿದ್ದಿಲ್ಲ ಅಂತ ನಮ್ಮ ಆಯಿ ಹೇಳ್ತಿದ್ಲು. ಮತ್ತ ಕಣ್ಣು ತೆರದ್ಲಲ್ಲಾ!"

ಶಾಣ್ಯಾ ಇದ್ದಾಂವ ಚೀಲದ ಹಿಂದ ಸುಮ್ಮನ ಕುಂಡ್ರತಿದ್ದ. ರಾಚಪ್ಪನ ಎದಿ ಉಬ್ಬಿ ಬಂತು. ಎದ್ದ ನಿಂತ!

"ಆಕಿ ತೆರದಿಲ್ಲ, ನಾ ಬರದೇನಿ! ನನ್ನ ಕೈಲೆ!"

ಓಣಿಗೆ ಓಣಿನ ಬಿದ್ದು ಬಿದ್ದು ನಕ್ಕಿತು.

"ನೀವು?" ಅಂದ್ಲು ಗುರುಸಿದ್ದವ್ವ. "ಪಂಚಮ್ಯಾಗ ನೀವು ಬರದ ನಾಗಪ್ಪನ್ನ ನೋಡಿ ಮಂದಿ ಹಗ್ಗ ಅಂದ್ರು!"

"ಇದ ನೋಡ ಸಾಕ್ಷಿ!" ರಾಚಪ್ಪ ಹತ್ತೂ ಬೆರಳು ಚಾಚಿದ. ಉಗುರಿನ ತುಂಬ ಕರೀ ಬಣ್ಣ.

ಅವನ ಧೋತರದ ಮ್ಯಾಲಿನ ಗಿರಮಿಟ್ಟಿನ ಕಲೆ ಕಂಡು ಗುರುಸಿದ್ದವ್ವನ ಮಾರಿ ಕೆಂಪಾತು. "ಅಂದ್ರ ತಾಯಿ ಕಣ್ಣು ತೆರಿಯೋ ಹೊತ್ತಿನ್ಯಾಗ ಗಿರಮಿಟ್ಟು ತಿಂದ ಎಂಜಲಗೈಲೆ ಮುಟ್ಟಾಕ ಹೋಗೀರಿ! ಆಕಿ ಮುಂದ ನಿಂತು ಸುಳ್ಳು ಬ್ಯಾರೆ! ಅಡ್ಡಬೀಳ್ರಿ ಮೊದಲ!"

ಓಣಿ ಮಂದಿಯೆಲ್ಲಾ ಆ ಕಣ್ಣಿಗೆ ಅಂಜಿ ಖರೆ ಹೇಳಿ ಹೋಗಿದ್ರು. ರಾಚಪ್ಪನೂ ಗೌರಿ ಮುಂದ ಉದ್ದಕ್ಕ ಅಡ್ಡಬಿದ್ದ. ತಲಿ ಎತ್ತಿ ನೋಡಿದ. ಇತ್ತಾಗ ಗೌರಿ ನೋಡಾಕತ್ತಿದ್ಲು, ಅತ್ತಾಗ ಹೆಂಡ್ತಿ ನೋಡಾಕತ್ತಿದ್ಲು. ಹೆಂಡ್ತಿ ಕಣ್ಣು ಇನ್ನೂ ದೊಡ್ಡವಿದ್ವು.

"ತಪ್ಪಾತು ತಾಯಿ" ಅಂದ ರಾಚಪ್ಪ, "ನಾ ಬರದಿಲ್ಲ."