ಅನನುಕೂಲಗಳನ್ನು ಮೊದಲು ಬರೆಸಿದ್ದು

ಪಾಠ ಮಾಡುವವರ ನೆಮ್ಮದಿಗೆ ಮುಖ್ಯ ಕಾರಣ, ನಾವು ಹೇಳುವುದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ನಂಬಿಕೆ. ಹೊರಗಿನವರಿಗೆ ಇದು ದೂರಿನಂತೆ ಕೇಳಬಹುದು; ನಿಜವಾಗಿ ಅದೊಂದು ರಕ್ಷಣೆ. ಆ ಧೈರ್ಯದ ಮೇಲೆಯೇ ನಾನು ಹೊಳಲ್ಕೆರೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಾ ರಾಜ್ಯದ ಹಣಕಾಸನ್ನು ಇಷ್ಟು ದಿನ ಸುಸೂತ್ರವಾಗಿ ನಡೆಸಿಕೊಂಡು ಬಂದಿದ್ದೇನೆ. ತೆರಿಗೆ ಏರಿಸಿದ್ದೇನೆ, ಇಳಿಸಿದ್ದೇನೆ, ಸಬ್ಸಿಡಿಗಳನ್ನು ಒಂದೇ ಏಟಿಗೆ ರದ್ದು ಮಾಡಿದ್ದೇನೆ. ಹಿಂದಿನ ಬೆಂಚಿನವರು ಆಕಳಿಸಿದ್ದಾರೆ. ಯಾರಿಗೂ ತೊಂದರೆಯಾಗಿರಲಿಲ್ಲ.

ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಈ ಮಾತನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಮದುವೆಮನೆಗಳಲ್ಲಿ ಕೇಳಿದವರಿಗೆ "ಸರ್ಕಾರಿ ಕಾಲೇಜು" ಎಂದಷ್ಟೇ ಹೇಳಿ ಪಾಯಸದ ಕಡೆ ತಿರುಗುತ್ತೇನೆ. ನಮ್ಮ ಗೌರವಧನ ಬಂದಾಗ ಬರುತ್ತದೆ; ಬರದ ತಿಂಗಳುಗಳಲ್ಲಿ ಅಮ್ಮನ ಪಿಂಚಣಿಯಲ್ಲಿ ಊಟ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಡುತ್ತೇನೆ. ಚಿತ್ರದುರ್ಗದಿಂದ ದಿನಾ ಬಸ್ಸು. ಹೆಂಗಸರಿಗೆ ಉಚಿತ ಪ್ರಯಾಣ ಬಂದಮೇಲೆ ಕಂಡಕ್ಟರಿಗೆ ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆಯುತ್ತೇನೆ, ಕೂಡಲೇ ಕಿಟಕಿಯ ಹೊರಗೆ ನೋಡುತ್ತೇನೆ. ತೊಡೆಯ ಮೇಲೆ ಸಾರ್ವಜನಿಕ ಹಣಕಾಸಿನ ಪಠ್ಯವಿದ್ದರೆ ಅದನ್ನು ಕವುಚಿ ಇಡುತ್ತೇನೆ. ಓದುವುದೊಂದು, ಮಾಡುವುದೊಂದು ಎಂದು ಪಕ್ಕದವರಿಗೆ ಯಾಕೆ ತಿಳಿಯಬೇಕು?

ಒಂದು ದಿನ ಸರ್ಕಾರದ ಉಚಿತ ಯೋಜನೆಗಳ ಪಾಠ ಬಂತು. ನೋಟ್ಸ್ ಬರೆಸುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ: ಮೊದಲು ಅನುಕೂಲಗಳು, ಆಮೇಲೆ ಅನನುಕೂಲಗಳು. ನನ್ನ ಗುರುಗಳೂ ಹಾಗೇ ಬರೆಸಿದ್ದರು, ಅವರ ಗುರುಗಳೂ ಹಾಗೇ ಬರೆಸಿರಬೇಕು. ನಾನು ಅಂದು ಕ್ರಮ ಬದಲಿಸಿದೆ. ಅನುಕೂಲಗಳನ್ನು ಯಾವ ಅಜ್ಜಿಯಾದರೂ ಹೇಳಿಯಾಳು. ಅನನುಕೂಲ ಹೇಳಲು ಸ್ನಾತಕೋತ್ತರ ಪದವಿ ಬೇಕು ಎಂಬ ಹಮ್ಮು. "ಉಚಿತ ಯೋಜನೆಗಳು ಬೊಕ್ಕಸಕ್ಕೆ ಹೊರೆ. ಇವು ಬಹುಕಾಲ ನಿಲ್ಲಲಾರವು. ಇವುಗಳ ಮೇಲೆ ಭವಿಷ್ಯವನ್ನು ಕಟ್ಟಿಕೊಳ್ಳುವುದು ವಿವೇಕವಲ್ಲ." ಕೊನೆಯ ವಾಕ್ಯ ಯಾವ ಪುಸ್ತಕದಲ್ಲೂ ಇಲ್ಲ, ನನ್ನದೇ. ಬರೆಸಿ ಒಂದು ಕ್ಷಣ ನಿಂತು ಅದರ ಸೊಗಸನ್ನು ಸವಿದೆ. ಗಂಟೆ ಹೊಡೆಯಿತು. ಅನುಕೂಲಗಳು ನಾಳೆಗೆ ಉಳಿದವು.

ಮರುದಿನ ನಾವು ಅತಿಥಿ ಉಪನ್ಯಾಸಕರೆಲ್ಲ ಬಾಕಿ ಗೌರವಧನಕ್ಕಾಗಿ ತರಗತಿ ಬಹಿಷ್ಕರಿಸಿ ಕಾಲೇಜಿನ ಗೇಟಿನ ಮುಂದೆ ಧರಣಿ ಕುಳಿತೆವು. ನಾನು ಹಿಂದಿನ ಸಾಲಿನಲ್ಲಿ, ಯಾರ ಫೋಟೋಕ್ಕೂ ಸಿಗದಂತೆ ಕೊಡೆ ಅಡ್ಡ ಹಿಡಿದಿದ್ದೆ. ಒಂದು ವಾರ ಕಳೆದ ಮೇಲೆ ಭರವಸೆಯೊಂದು ಸಿಕ್ಕಿತು. ಅದನ್ನೇ ಹಿಡಿದುಕೊಂಡು ತರಗತಿಗೆ ಮರಳಿದರೆ ಮುಂದಿನ ಬೆಂಚಿನಲ್ಲಿ ಕಾವ್ಯ ಇಲ್ಲ. ನಾನು ಬರೆಸಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಳ್ಳುವ ಹುಡುಗಿ.

"ಅವ್ಳು ಇನ್ ಬರಲ್ಲ ಮೇಡಂ," ಎಂದಳು ಪಕ್ಕದವಳು. "ಸೋಮವಾರದಿಂದ ಗಾರ್ಮೆಂಟ್ಸಿಗಂತೆ. ವ್ಯಾನ್ ಬರ್ತೈತಂತೆ."

"ಯಾಕೆ?"

ಆಕೆ ಸಂಕೋಚದಿಂದ ನೆಲ ನೋಡಿದಳು. "ಅವ್ಳು ನೋಟ್ಸ್ನ ಗಟ್ಟಿಯಾಗಿ ಓದ್ತಾಳೆ ಮೇಡಂ. ಅವ್ರಪ್ಪ ಕೇಳಿಸ್ಕಂಡ್ರಂತೆ."

ನನ್ನ ಮಾತನ್ನು ಕೊನೆಗೂ ಒಬ್ಬರು ಕೇಳಿಸಿಕೊಂಡಿದ್ದರು.

ಶನಿವಾರ ಕ್ಲಾಸು ಮುಗಿಸಿ ಕಾವ್ಯಳ ಊರಾದ ಬಿ.ದುರ್ಗದ ಬಸ್ಸು ಹತ್ತಿದೆ. ಬಸ್‌ಸ್ಟಾಪಿನ ಎದುರಿಗೇ ಕಾವ್ಯಳ ಅಪ್ಪ ತಿಪ್ಪೇಸ್ವಾಮಿಯವರ ಮಂಡಕ್ಕಿ ಅಂಗಡಿ. ಅವರು ಒಗ್ಗರಣೆ ಮಂಡಕ್ಕಿ ಕಲಸುತ್ತಿದ್ದರು, ಹೆಂಡತಿ ಕೆಂಚಮ್ಮ ಬಾಣಲೆಗೆ ಮೆಣಸಿನಕಾಯಿ ಬಜ್ಜಿ ಬಿಡುತ್ತಿದ್ದರು. "ಬರ್ರಿ ಮೇಡಂ, ಕುಂತ್ಕಳ್ರಿ. ಲೇ ಕಾವ್ಯ, ನಿಮ್ ಮೇಡಂ ಬಂದಾರೆ ನೋಡು!" ಎಂದು ತಿಪ್ಪೇಸ್ವಾಮಿ ಒಂದು ತಟ್ಟೆ ಮುಂದಿಟ್ಟರು. ಪರ್ಸ್ ತೆಗೆದರೆ, "ಒಳಗಿಡ್ರಿ. ಇದು ಬಿಟ್ಟಿದೇ, ಆದ್ರೆ ಬೊಕ್ಕಸಕ್ಕೆ ಹೊರೆ ಆಗಲ್ಲ," ಎಂದರು. ಬೆಂಚಿನ ಮೇಲಿದ್ದವರು ನಕ್ಕರು. ನನ್ನ ವಾಕ್ಯಗಳು ಊರು ಸೇರಿ ಬಹಳ ದಿನವಾಗಿತ್ತು.

ಅನುಕೂಲಗಳೂ ಇವೆ, ಬರೆಸುವುದು ಬಾಕಿಯಿತ್ತು ಎಂದೆ. ಅಲ್ಲೇ ಕುಳಿತು ಎಲ್ಲವನ್ನೂ ಹೇಳಿದೆ. ತಿಪ್ಪೇಸ್ವಾಮಿ ಕೈ ನಿಲ್ಲಿಸಿ ಕೇಳಿದರು.

"ಇವು ಅಷ್ಟ್ ಗಟ್ಟಿಯಾಗಿಲ್ಲ ಮೇಡಂ. ಮೊದ್ಲು ಬರ್ಸಿದ್ದೇ ಚೆನ್ನಾಗೈತೆ. 'ಭವಿಷ್ಯ ಕಟ್ಟಿಕೊಳ್ಳುವುದು ವಿವೇಕವಲ್ಲ.' ಆಹಾ! ನಾಳೆ ಬಸ್ಸು ನಿಂತ್ರೆ ದಿನಾ ಕಾಸು ಕೊಟ್ಟು ಕಳ್ಸಾಕೆ ನಂಗಾಗಲ್ಲ. ಅರ್ಧಕ್ಕೆ ಬಿಡ್ಸೋ ಬದ್ಲು ಈಗ್ಲೇ ಹೊಲಿಗೆ ಕಲೀಲಿ."

ಅಷ್ಟರಲ್ಲಿ ಬೆಂಚಿನಿಂದ ಒಬ್ಬ ಹಿರಿಯರು, "ಅಲ್ಲ ಮೇಡಂ, ನೀವ್ ಯಂಗೆ ಬಂದ್ರಿ?" ಎಂದರು.

"ಬಸ್ಸಿನಲ್ಲಿ."

"ಟಿಕೆಟ್ ತಗಂಡ್ರಾ?"

"ಸೊನ್ನೆಯದು," ಎಂದೆ. ಬೆಂಚು ಅಲುಗುವಂತೆ ನಕ್ಕರು. ನಾನು ತಟ್ಟೆಯಲ್ಲಿ ಶೇಂಗಾ ಹುಡುಕತೊಡಗಿದೆ.

"ನಗಬ್ಯಾಡ್ರಿ, ಸುಮ್ಕಿರ್ರಿ!" ಎಂದರು ಕೆಂಚಮ್ಮ, ಜಾಲರಿ ಸೌಟು ಎತ್ತಿ. ಗಂಡನ ಕಡೆ ತಿರುಗಿದರು. "ಅವ್ರು ಬಿಟ್ಟಿ ಬಸ್ಸಲ್ಲೇ ಓಡಾಡಿ ತಿಂಗ್ಳಾ ತಿಂಗ್ಳಾ ಸಂಬ್ಳ ಮನಿಗೆ ತರ್ತಾರೆ. ನಮ್ ಹುಡ್ಗಿ ಹಂಗಾದ್ರೆ ನಿಮಗ್ ಬ್ಯಾಡ್ವಾ? ಹೌದಲ್ಲ ಮೇಡಂ, ತಿಂಗ್ಳಾ ಬರ್ತೈತಲ್ಲ?"

ಮಂಡಕ್ಕಿ ಮೂಟೆಯ ಹಿಂದೆ ನಿಂತಿದ್ದ ಕಾವ್ಯ ನನ್ನನ್ನೇ ನೋಡಿದಳು. ಗೇಟಿನ ಮುಂದೆ ನನ್ನ ಕೊಡೆಯ ಪಕ್ಕದಲ್ಲೇ ಅವಳು ದಿನಾ ಹಾದುಹೋಗಿದ್ದಳು. ನಿಜ ಹೇಳಿದರೆ ವ್ಯಾನು. ಸುಳ್ಳು ಹೇಳಿದರೆ ಕಾಲೇಜು. ಉತ್ತರ ಪತ್ರಿಕೆಯಲ್ಲಿ ಅರ್ಧ ಅಂಕಕ್ಕೂ ವಾದಿಸುವ ನಾನು, "ಬರುತ್ತೆ," ಎಂದೆ. ಕಾವ್ಯ ತಲೆ ತಗ್ಗಿಸಿದಳು. ಅವಳಿಗೆ ನಾಚಿಕೆಯಾದದ್ದು ನನ್ನ ಪರವಾಗಿ.

ತಿಪ್ಪೇಸ್ವಾಮಿ ಈರುಳ್ಳಿ ಹೆಚ್ಚಿ ಮಂಡಕ್ಕಿಗೆ ಸುರಿದರು. "ಆಯ್ತು ಬಿಡ್ರಿ. ವ್ಯಾನಿನವ್ನಿಗೆ ಬ್ಯಾಡ ಅಂತೀನಿ. ಓದಿ ನಿಮ್ಮಂಗೇ ಆಗ್ಲಿ."

ಆಶೀರ್ವಾದ ಕೇಳಿ ಮೈ ಬೆವರಿದ್ದು ಅದೇ ಮೊದಲು.

ಸೋಮವಾರ ಕಾವ್ಯ ಮುಂದಿನ ಬೆಂಚಿನಲ್ಲಿದ್ದಳು. ಅನುಕೂಲಗಳನ್ನು ಬರೆಸಿ ಮುಗಿಸಿ ಮುಂದಿನ ಅಧ್ಯಾಯಕ್ಕೆ ಬಂದೆ; ಅದು ಕಾರ್ಮಿಕ ನೀತಿ. "ದುಡಿದವರಿಗೆ ಸಕಾಲದಲ್ಲಿ ವೇತನ ದೊರಕಿಸುವುದು ಸರ್ಕಾರದ ಕರ್ತವ್ಯ" ಎಂದು ಮೊದಲ ವಾಕ್ಯ ಹೇಳಿದೆ. ಕಾವ್ಯ ಬರೆದುಕೊಂಡಳು, ಪೆನ್ನು ಎತ್ತಿದಳು, ಎದ್ದು ನಿಂತಳು. ಮುಖದಲ್ಲಿ ಗೇಲಿಯ ಸುಳಿವೂ ಇರಲಿಲ್ಲ.

"ಮೇಡಂ, ಇದನ್ನ ಮನೇಲಿ ಗಟ್ಟಿಯಾಗಿ ಓದ್ಲಾ, ಮನಸ್ಸಲ್ಲೇ ಓದ್ಕಳ್ಲಾ?"

"ಮನಸ್ಸಲ್ಲೇ," ಎಂದೆ. ಆಮೇಲೆ ಬೋರ್ಡಿನ ಕಡೆ ತಿರುಗಿ, ಏನೂ ಬರೆಯದ ಜಾಗವನ್ನು ಬಹಳ ಹೊತ್ತು ಒರೆಸಿದೆ.