ಸುಂದರಿಯ ಫಲಾಹಾರ

ಉಪವಾಸ ಮಾಡಿ ಮಾಡಿ ದಪ್ಪಗಾದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಗಂಡನ ಅಕ್ಕ, ಕಡಿಯಾಳಿಯ ಅತ್ತಿಗೆ. ಶನಿವಾರ ಬಂತೆಂದರೆ ಅವರು ಅನ್ನ ಮುಟ್ಟುವುದಿಲ್ಲ. ಅನ್ನ ಮಾತ್ರ! ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಗೋಧಿ ದೋಸೆ, ಸಂಜೆ ಬಾಳೆಹಣ್ಣಿನ ರಸಾಯನ, ರಾತ್ರಿ ಮತ್ತೆ ಅವಲಕ್ಕಿ. "ಉಪವಾಸ ಎಂದರೆ ತುಂಬಾ ಸುಸ್ತು ಮಾರಾಯ್ತಿ" ಎನ್ನುತ್ತಾರೆ. ಸುಸ್ತಾಗದೆ ಇರುತ್ತದೆಯೇ, ದಿನವಿಡೀ ಅಗಿಯುವುದೆಂದರೆ!

ಅವರ ನಾಯಿಯ ಹೆಸರು ಸುಂದರಿ. ಅತ್ತಿಗೆಯ ಗಂಡ ತೀರಿಹೋದ ವರ್ಷ ಗೇಟಿನ ಬಳಿ ಬಂದು ಕುಳಿತದ್ದು, ಎದ್ದು ಹೋಗಲಿಲ್ಲ. ಆಮೇಲೆ ಏಳುವುದೇ ಕಷ್ಟವಾಯಿತು, ಅಷ್ಟು ತಿನ್ನಿಸಿದರು. ನಡೆಯುವಾಗ ಹೊಟ್ಟೆ ಮೊದಲು ಬರುತ್ತಿತ್ತು, ನಾಯಿ ಆಮೇಲೆ. ನನಗೆ ನಾಯಿ ಎಂದರೆ ಅಷ್ಟಕ್ಕಷ್ಟೆ. ಅಂಗಳದಲ್ಲಿದ್ದರೆ ಸರಿ. ಇದು ಸೋಫಾದ ಮೇಲೆ ಮಲಗಿರುತ್ತಿತ್ತು, ಕಾಪುವಿನಿಂದ ಬಸ್ಸು ಹತ್ತಿ ಬಂದ ನಾನು ಸ್ಟೂಲಿನ ಮೇಲೆ.

ಎರಡನೇ ಹೆರಿಗೆಯಲ್ಲಿ ಅದು ಸಾಯಬೇಕಿತ್ತು. ಮಣಿಪಾಲದ ನಾಯಿ ಡಾಕ್ಟರು ಹೇಗೋ ಉಳಿಸಿದರು. "ಇನ್ನೊಂದು ಹೆರಿಗೆ ತಡೆಯುವುದಿಲ್ಲ ಅಮ್ಮ. ಆಪರೇಷನ್ ಮಾಡಿಸಲೇಬೇಕು. ಆದರೆ ಈ ಕೊಬ್ಬಿನೊಳಗೆ ಗರ್ಭಕೋಶವನ್ನು ನಾನು ಎಲ್ಲಿ ಹುಡುಕಲಿ? ಮುಂದಿನ ಬೆದೆಯ ಮೊದಲು ಆರು ಕಿಲೋ ಇಳಿಸಿ ತನ್ನಿ."

ಅಂದಿನಿಂದ ಪ್ರತಿ ಭಾನುವಾರ ರಿಕ್ಷಾದಲ್ಲಿ ಸಂತೆಕಟ್ಟೆಗೆ ಸವಾರಿ. ಅಲ್ಲಿ ಕೊಪ್ಪರದ, ಎಂದರೆ ಒಣಕೊಬ್ಬರಿಯ, ವ್ಯಾಪಾರಿಯ ತಕ್ಕಡಿಯ ಮೇಲೆ ಸುಂದರಿಯನ್ನು ಕೂರಿಸುವುದು.

"ಮೂವತ್ತೆಂಟು ಕಿಲೋ. ಕೊಪ್ಪರವಾಗಿದ್ದರೆ ಒಳ್ಳೆ ರೇಟು ಸಿಗುತ್ತಿತ್ತು ಅಕ್ಕ" ಎಂದ ವ್ಯಾಪಾರಿ. ಅತ್ತಿಗೆ ಎರಡು ವಾರ ಅವನೊಡನೆ ಮಾತಾಡಲಿಲ್ಲ. ತಕ್ಕಡಿ ಮಾತ್ರ ಉಪಯೋಗಿಸಿದರು.

ಮೂರು ತಿಂಗಳಲ್ಲಿ ಆರು ಕಿಲೋ ಇಳಿಯಿತು! ಅತ್ತಿಗೆಯ ರವಕೆಯೂ ಸಡಿಲವಾಗಿತ್ತು. "ಮೀನು ತರುವುದೇ ಬಿಟ್ಟೆ. ಅವಳು ನೋಡುತ್ತಾ ಕೂತರೆ ನನಗೆ ಹೇಗೆ ಇಳಿಯುತ್ತದೆ ಹೇಳು?"

ಡಾಕ್ಟರು ದಿನ ಗೊತ್ತು ಮಾಡಿ, ಹಿಂದಿನ ರಾತ್ರಿಯಿಂದ ಉಪವಾಸ ಎಂದರು. ನಾಯಿಯನ್ನು ಹಿಡಿಯಲು ನಾನೂ ಹೋದೆ. ಇಬ್ಬರೂ ಸೇರಿ ಅದನ್ನು ಮೇಜಿಗೆ ಏರಿಸಿದೆವು.

"ಏನೂ ಕೊಟ್ಟಿಲ್ಲ ಅಲ್ವಾ ಅಮ್ಮ?"

"ಒಂದು ಅಗುಳು ಅನ್ನ ಕೊಟ್ಟಿಲ್ಲ ಡಾಕ್ಟ್ರೇ. ಬರೀ ಫಲಾಹಾರ."

"ಎಂತ ಫಲಾಹಾರ?"

"ರಾತ್ರಿ ಅವಲಕ್ಕಿ, ಎರಡು ಬಾಳೆಹಣ್ಣು. ಉಪವಾಸದಲ್ಲಿ ಬಳಲಬಾರದಲ್ಲ, ಬೆಳಿಗ್ಗೆ ಎರಡು ಗೋಧಿ ದೋಸೆ, ಒಂದು ಲೋಟ ಹಾಲು."

ಡಾಕ್ಟರು ಕೈಗವಸು ಕಳಚಿದರು. "ಮದ್ದಿನ ಮಂಪರಿನಲ್ಲಿ ವಾಂತಿಯಾಗಿ ಶ್ವಾಸಕ್ಕೆ ಹೋದರೆ ಸತ್ತೇ ಹೋಗುತ್ತದೆ ಅಮ್ಮ. ಗುರುವಾರ ಬನ್ನಿ."

ವಾಪಸು ಬರುವಾಗ ರಿಕ್ಷಾದಲ್ಲಿ ನಾನು, "ನಿಮ್ಮ ಶನಿವಾರ ಅದನ್ನು ಕೊಲ್ಲುತ್ತಿತ್ತು ಅತ್ತಿಗೆ" ಎಂದೆ. ಬಾಯಿಗೆ ಬಂದದ್ದನ್ನು ನುಂಗಿ ನನಗೆ ಅಭ್ಯಾಸವಿಲ್ಲ. ಅತ್ತಿಗೆ ಕಡಿಯಾಳಿವರೆಗೆ ಸುಂದರಿಯ ಕಿವಿ ಸವರುತ್ತಾ ಕುಳಿತರು.

ಬುಧವಾರವೇ ನಾನು ಅವರ ಮನೆಗೆ ಹೋದೆ. ಸಂಜೆ ನಾಯಿಗೆ ಗಂಜಿ ಹಾಕಿ, ಅಡುಗೆ ಕೋಣೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸುಂದರಿ ಬಾಗಿಲ ಬುಡದಲ್ಲಿ ಕುಳಿತು ಕುಂಯ್‌ಗುಟ್ಟಿತು. ಅತ್ತಿಗೆ ಅದರ ಪಕ್ಕದಲ್ಲಿ ಕುಳಿತರು. ಬೆಳಿಗ್ಗೆ ಚಹಾಕ್ಕೂ ಬಾಗಿಲು ತೆಗೆಯಲಿಲ್ಲ, ಅವರು ಕೇಳಲೂ ಇಲ್ಲ. ನಲವತ್ತು ವರ್ಷದಲ್ಲಿ ಅತ್ತಿಗೆ ಮಾಡಿದ ಮೊದಲ ಉಪವಾಸ ಅದು!

ಆಪರೇಷನ್‌ಗೆ ಎರಡು ಗಂಟೆ ಹಿಡಿಯಿತು. ಹೊರಗೆ ಬೆಂಚಿನಲ್ಲಿ ಅತ್ತಿಗೆ ಖಾಲಿ ಸರಪಳಿಯನ್ನು ಕೈಗೆ ಸುತ್ತಿಕೊಂಡು ಕುಳಿತಿದ್ದರು. ಕೊನೆಗೆ ಒಳಗೆ ಕರೆದರು. ಸುಂದರಿ ಒಂದು ಕಣ್ಣು ತೆರೆದು ಅತ್ತಿಗೆಯನ್ನು ನೋಡಿ, ಬಾಲವನ್ನು ಒಮ್ಮೆ ಮಾತ್ರ ಆಡಿಸಿತು. ಅತ್ತಿಗೆ ಅದರ ಪಕ್ಕ ನೆಲದಲ್ಲೇ ಕುಳಿತರು.

ಕಾಪುವಿನಿಂದ ತಂದಿದ್ದ ಒಗ್ಗರಣೆ ಅವಲಕ್ಕಿಯ ಡಬ್ಬಿಯನ್ನು ನಾನು ಚೀಲದ ತಳದಿಂದ ತೆಗೆದೆ. "ಈಗ ತಿನ್ನಿ."

ಎರಡು ಮುಷ್ಟಿ ತಿಂದು, ಅಭ್ಯಾಸಬಲದಿಂದ ಡಬ್ಬಿಯನ್ನು ನಾಯಿಯತ್ತ ಸರಿಸಿದರು.

"ಸಂಜೆವರೆಗೆ ನೀರೂ ಇಲ್ಲ ಎಂದು ಡಾಕ್ಟರು ಹೇಳಿದ್ದು ಕೇಳಲಿಲ್ಲವಾ!" ಎಂದು ಕಿತ್ತುಕೊಂಡೆ.

"ಹಾಗಾದರೆ ನೀನು ತಿನ್ನು" ಎಂದರು ಅತ್ತಿಗೆ. "ನಿನ್ನೆ ಸಂಜೆಯಿಂದ ನೀನೂ ತಿಂದಿಲ್ಲ. ಕೀಲಿ ನಿನ್ನ ಸೊಂಟದಲ್ಲೇ ಇತ್ತಲ್ಲ?"

"ಬಾಗಿಲು ತೆಗೆದರೆ ಅವಳು ಒಳಗೆ ನುಗ್ಗುತ್ತಿದ್ದಳು, ಅದಕ್ಕೆ" ಎಂದೆ.

ಅತ್ತಿಗೆ ನಂಬಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಡಬ್ಬಿ ಖಾಲಿ ಮಾಡಿದೆ.